ಬೀರುವಿನ ಮೇಲೆ ಹಸೆ ಚಿತ್ತಾರ: ಬಾಗಿಲ ಸಂದಿಯಿಂದಲೇ ಲೆಕ್ಕ ಶುರು

"ಗೋಡೆಗೆ ಬರೆಯೋದನ್ನ ಬೀರುಗೆ ಬರೀತೀಯಾ? ಒಂದು ಮಳೆಗಾಲ ಬರ್ಲಿ, ಸಿಪ್ಪೆ ಸಿಪ್ಪೆಯಾಗಿ ಏಳುತ್ತೆ ನೋಡು" ಎಂದಿದ್ದರು ಬಡಗಿ ಮೇಸ್ತ್ರಿ. ನಾನು ಬರೆಯಹೊರಟದ್ದು ಹಸೆ ಚಿತ್ತಾರ, ಮಲೆನಾಡಿನ ದೀವರ ಸಮುದಾಯದವರು ಮನೆ ಗೋಡೆಗೆ ಬರೆಯುವ ಗೆರೆ ಚಿತ್ರ. ಶಿವಮೊಗ್ಗ ಜಿಲ್ಲೆಯ ಸಾಗರದ ಎರಡು ಮಳೆಗಾಲ ಕಳೆಯಿತು. ಒಂದು ಎಳೆಯೂ ಎದ್ದಿಲ್ಲ. ಈಗ ಅವರೇ ಗಿರಾಕಿ ಕಳಿಸುತ್ತಿದ್ದಾರೆ.

ಬೀರು ಹಳೇದು, ಎರಡು ಬಾಗಿಲಿನದು. ಏಳಡಿ ಎತ್ತರ, ನಾಲ್ಕಡಿ ಅಗಲ. ಇಂಥದ್ದಕ್ಕೆ ಎಲ್ಲರೂ ಒಂದೊಂದು ಬಾಗಿಲಿನ ನಡುವೆ ಒಂದೊಂದು ಚಿತ್ರ ಕೂರಿಸುತ್ತಾರೆ. ದೂರದಿಂದ ನೋಡಿದರೆ ಎರಡು ಕ್ಯಾಲೆಂಡರ್ ನೇತು ಹಾಕಿದ ಹಾಗೆ ಕಾಣುತ್ತದೆ. ನಾನು ಬಾಗಿಲು ಮುಚ್ಚಿಟ್ಟು, ನಡುವಿನ ಸಂದಿಯನ್ನೇ ಮೊದಲ ಗೆರೆ ಅಂತ ಹಿಡಿದೆ. 48 ಇಂಚಿನಲ್ಲಿ ಎರಡೂ ಕಡೆ ನಾಲ್ಕು ನಾಲ್ಕು ಅಂಚಿಗೆ ಹೋಯಿತು. ಉಳಿದ 40ರಲ್ಲಿ ಐದಿಂಚಿನ ಎಂಟು ಮನೆ, ಅಂದರೆ ಚೌಕ. ಬಾಗಿಲಿಗೆ ನಾಲ್ಕರಂತೆ, ಸಂದಿ ಸರಿಯಾಗಿ ಮನೆಯ ಗೆರೆ ಮೇಲೆ ಬರುತ್ತದೆ. ಎತ್ತರದಲ್ಲಿ ಕೆಳಗಿನ ಐದಿಂಚು ಖಾಲಿ. ಪೊರಕೆ, ಒರೆಸೋ ಬಟ್ಟೆ ಬಡಿಯುವ ಜಾಗ, ಅಲ್ಲಿ ಚಿತ್ರ ಯಾಕೆ? ಮೇಲೆ ನಾಲ್ಕು ಬಿಟ್ಟರೆ 15 ಮನೆ. ಹಿಡಿಯನ್ನು ನೆಲದಿಂದ ನಲವತ್ತೆರಡೂವರೆ ಇಂಚಿಗೆ ಕೂರಿಸಿದರೆ ಎಂಟನೇ ಮನೆಯ ನಟ್ಟನಡುವೆ ಬರುತ್ತದೆ. ಹಳೇ ತೂತು ಮುಚ್ಚಿ ಹೊಸದು ಕೊರೆಸಿದೆ. ಮೇಸ್ತ್ರಿ ಗೊಣಗಿದರು, ಆದರೆ ಕೊರೆದುಕೊಟ್ಟರು.

ಇಷ್ಟನ್ನೂ ಮೊದಲು ಖಾಕಿ ಪೇಪರಿನಲ್ಲಿ ಪೂರ್ತಿ ಅಳತೆಗೆ ಬರೆದು ಬಾಗಿಲಿಗೆ ಅಂಟಿಸಿದೆ. ಹತ್ತಡಿ ಹಿಂದೆ ನಿಂತು ನೋಡಿದರೆ ಗೋಡೆಗೆ ಬರೆಯುವಷ್ಟು ಸಣ್ಣ ಎಳೆಗಳೆಲ್ಲ ಸೇರಿ ಬರೀ ಬೂದು. ಎಳೆ ಎರಡು ಎಂ.ಎಂ.ಗಿಂತ ಸಣ್ಣ ಇರಬಾರದು ಅಂತ ಆಗ ತಿಳಿಯಿತು. ಮೂಲೆ ಆರತಿ ಅನ್ನುವ ಹಸೆಯ ಮೂಲೆ ಚಿತ್ತಾರವನ್ನು ನಾಲ್ಕೂ ಮೂಲೆಗೆ ಹಾಕಿ, ಉಳಿದ ಕಡೆ ಅರ್ಧದಷ್ಟು ಮನೆ ಖಾಲಿ ಬಿಟ್ಟೆ.

ಬಣ್ಣದ ಕಥೆ ದೊಡ್ಡದು. ದೀವರ ಮನೆಗಳಲ್ಲಿ ಕೆಮ್ಮಣ್ಣಿನ ಮೇಲೆ ಅಕ್ಕಿ ಹಿಟ್ಟಿನ ಬಿಳಿ, ಸುಟ್ಟಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ. ಅದನ್ನೇ ಪ್ಲೈ ತುಂಡಿನ ಮೇಲೆ ಹಾಕಿ ನೋಡಿದೆ. ಅಕ್ಕಿ ಬಿಳಿ ಒಣಗಿ ಪುಡಿಯಾಯಿತು. ಮೇಲೆ ವಾರ್ನಿಶ್ ಹೊಡೆದರೆ ಬಿಳಿಯೇ ಮಾಯ. ಜೊತೆಗೆ ಜಿರಲೆ. ಗುರಿಗೆ ಹಳದಿ ಕಿಟಕಿ ಬಿಸಿಲಿಗೆ ಪೇಲವವಾಯಿತು. ಆಮೇಲೆ ಆಯಿಲ್ ಎನಾಮಲ್: ಬಾಗಿಲು ಮುಚ್ಚಿದ ಕತ್ತಲೆ ಕೋಣೆಯಲ್ಲಿ ಬಿಳಿ ಹಳದಿಗೆ ತಿರುಗಿತು, ಅದರ ಮೇಲೆ ಎನ್.ಸಿ. (ನೈಟ್ರೋಸೆಲ್ಯುಲೋಸ್) ಲ್ಯಾಕರ್ ಹೊಡೆದಾಗ ಸುಕ್ಕುಗಟ್ಟಿತು. ಅಲ್ಲಿಗೆ ಸಾವಿರದ ಇನ್ನೂರು ರೂಪಾಯಿ ನೀರಿಗೆ.

ಕೊನೆಗೆ ನಿಂತದ್ದು ನೀರಿನ ಅಕ್ರಿಲಿಕ್. ಹಳೇ ಪಾಲಿಶ್ ಕೆರೆದು, ಪ್ರೈಮರ್, ಕೆಮ್ಮಣ್ಣು ಬಣ್ಣ ಎರಡು ಕೋಟು, 320ರ ಎಮರಿ ಪೇಪರಿನಲ್ಲಿ ಮೆಲ್ಲಗೆ ಉಜ್ಜು. ನುಣುಪು ಜಾಸ್ತಿಯಾದರೆ ಪುಂಡಿ ನಾರು ಜಾರುತ್ತದೆ. ಹೌದು, ಬ್ರಶ್ ಬದಲು ಪುಂಡಿ ನಾರೇ. ಎಷ್ಟು ದುಡ್ಡಿನ ಬ್ರಶ್ ತಂದರೂ ಆ ಎಳೆ ಬರಲಿಲ್ಲ. ಬಿಳಿ ಬಣ್ಣ ನಾರಿನಿಂದ ತೊಟ್ಟಿಕ್ಕದೆ ಒಂದಡಿ ಓಡಬೇಕಾದರೆ ನೀರಿನ ಜೊತೆ ಇನ್ನೊಂದು ಬೆರೆಸಬೇಕು. ಅದು ನನ್ನಲ್ಲೇ ಇರಲಿ. ಎಳೆ ಎಳೆಯೋದನ್ನು ಕಲಿಸಿದ್ದು ಹಸೆ ಬರೆಯುವ ಒಬ್ಬ ಅಜ್ಜಿ. ಅವರು ಅಳತೆಪಟ್ಟಿ ಮುಟ್ಟೋದಿಲ್ಲ. ನನಗೆ ಸೀಮೆಸುಣ್ಣದ ದಾರ ಬೇಕೇ ಬೇಕು. ಮೇಲೆ ನೀರಿನ ಮ್ಯಾಟ್ ಕ್ಲಿಯರ್ (ಹೊಳಪಿಲ್ಲದ, ಬಣ್ಣವಿಲ್ಲದ ವಾರ್ನಿಶ್), ತೆಳ್ಳಗೆ ಮೂರು ಕೋಟು.

ಸಾಮಾನಿಗೆ ನಾಲ್ಕು ಸಾವಿರದ ಆಸುಪಾಸು. ಬರೀ ಪಾಲಿಶ್‌ಗೆ ಒಂಬತ್ತು ಸಾವಿರ ಕೊಡುತ್ತಿದ್ದ ಗಿರಾಕಿ ಇದಕ್ಕೆ ಇಪ್ಪತ್ತೆರಡು ಕೊಟ್ಟರು, ಚೌಕಾಸಿ ಮಾಡದೆ. ಈಗ ದಿವಾನ ಒಂದು ಬಂದಿದೆ. ಕಡೆದ ದುಂಡು ಕಾಲಿಗೆ ಐದಿಂಚಿನ ಮನೆ ಕೂರುತ್ತಿಲ್ಲ, ಸದ್ಯ ಕಾಲನ್ನು ಬರೀ ಕೆಂಪಲ್ಲೇ ಬಿಡೋಣ ಅಂತಿದ್ದೇನೆ. ಪೇಪರ್ ಪ್ಲಾನಿಗೆ ಮಾತ್ರ ಎರಡು ಸಾವಿರ ಮೊದಲೇ ಇಸಿದುಕೊಂಡೆ. ಪೇಪರ್ ನೋಡಿ "ಯೋಚಿಸಿ ಹೇಳ್ತೀವಿ" ಅನ್ನುವವರು ಜಾಸ್ತಿಯಾಗಿದ್ದಾರೆ.