ಬಿಇ ಅರ್ಧಕ್ಕೆ ಬಿಟ್ಟಾಗ ಸಾಲ, ಸ್ಕಾಲರ್‌ಶಿಪ್ ಏನಾಯಿತು: ನನ್ನ ಅನುಭವ

ಕಾಲೇಜು ಬಿಡುವುದು ಅಂತ ತೀರ್ಮಾನವಾದ ಕೂಡಲೇ ಎಲ್ಲರೂ ಓಡುವುದು ಟಿಸಿ ಈಸಿಕೊಳ್ಳಲು. ನಾನು ಮೊದಲು ಹೋಗಿದ್ದು ಬ್ಯಾಂಕಿಗೆ. ಹಾಗೆ ಹೋಗಿದ್ದಕ್ಕೇ ಒಂದು ವರ್ಷದ ಫೀಸಿನಷ್ಟು ಸಾಲ ನಮ್ಮ ಮನೆಯ ಮೇಲೆ ಬೀಳಲಿಲ್ಲ. ಟಿಸಿ ಒಂದು ವಾರ ತಡವಾದರೆ ಗಂಟೇನೂ ಹೋಗುವುದಿಲ್ಲ. ಬ್ಯಾಂಕಿಗೆ ಹೇಳುವುದು ತಡವಾದರೆ ಶಿಕ್ಷಣ ಸಾಲದ ಮುಂದಿನ ಕಂತು ನೇರವಾಗಿ ಕಾಲೇಜಿನ ಖಾತೆಗೆ ಹೋಗುತ್ತದೆ. ಹೋದ ದುಡ್ಡನ್ನು ವಾಪಸ್ ತರಿಸುವುದು ಬಹಳ ಕಷ್ಟ, ಅದರ ಬಡ್ಡಿ ಮಾತ್ರ ಅವತ್ತಿನಿಂದಲೇ ಓಡುತ್ತದೆ.

ನಮ್ಮದು ಅರಕಲಗೂಡು ತಾಲ್ಲೂಕಿನ ಒಂದು ಹಳ್ಳಿ. ಅಪ್ಪ ಹೊಗೆಸೊಪ್ಪು ಬೆಳೆದು ರಾಮನಾಥಪುರದ ಮಾರುಕಟ್ಟೆಗೆ ಹಾಕುತ್ತಾರೆ, ಉಳಿದ ಹೊಲದಲ್ಲಿ ಮುಸುಕಿನ ಜೋಳ. ಸಿಇಟಿಯಲ್ಲಿ ಹಾಸನದ ಒಂದು ಖಾಸಗಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಫೀಸಿಗೆ ಶಿಕ್ಷಣ ಸಾಲ, ಜೊತೆಗೆ ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ಪೋಸ್ಟ್ ಮೆಟ್ರಿಕ್ (ಎಸ್‌ಎಸ್‌ಎಲ್‌ಸಿ ನಂತರದ ಓದಿನ) ವಿದ್ಯಾರ್ಥಿವೇತನ. ಎರಡನೇ ಸೆಮಿಸ್ಟರ್ ಪರೀಕ್ಷೆ ಮುಗಿಯುವ ಹೊತ್ತಿಗೆ ಬೆನ್ನುನೋವು ವಿಪರೀತವಾಯಿತು. ಎಂಆರ್‌ಐ ಮಾಡಿಸಿದರೆ ಬೆನ್ನುಮೂಳೆಯ ಟಿಬಿ. ಮಾತ್ರೆ ಒಂದು ವರ್ಷವಾದರೂ ನಡೆಯಬೇಕು, ಮೊದಲ ಕೆಲವು ತಿಂಗಳು ಮಲಗಿಯೇ ಇರಬೇಕು ಅಂದರು. ಒಂದು ವರ್ಷ ಬಿಟ್ಟು ಮತ್ತೆ ಹೋಗಬಹುದಿತ್ತು. ಲ್ಯಾಬು, ವರ್ಕ್‌ಶಾಪು ಅಂತ ಗಂಟೆಗಟ್ಟಲೆ ನಿಲ್ಲುವುದು ನನ್ನಿಂದಾಗದು ಅನ್ನಿಸಿ, ಗುಣವಾದ ಮೇಲೆ ಊರ ಹತ್ತಿರದ ಸರ್ಕಾರಿ ಕಾಲೇಜಿನಲ್ಲಿ ಬಿಕಾಂ ಓದುವುದು ಅಂತ ಮನೆಯಲ್ಲಿ ಮಾತಾಯಿತು.

ಬೆನ್ನಿಗೆ ಬೆಲ್ಟ್ ಕಟ್ಟಿಕೊಂಡು ಅಣ್ಣನ ಜೊತೆ ಬ್ಯಾಂಕಿಗೆ ಹೋದೆ. ಎರಡನೇ ವರ್ಷದ ಕಂತು ಬಿಡಬೇಡಿ ಅಂತ ಅರ್ಜಿ ಕೊಟ್ಟು, ನಮ್ಮ ಪ್ರತಿಯ ಮೇಲೆ ತಾರೀಕು ಸಮೇತ ಸೀಲು ಹಾಕಿಸಿಕೊಂಡೆವು. ಮ್ಯಾನೇಜರ್ ಒಳ್ಳೆಯವರು. ನಮ್ಮ ಕಡತ ತೆಗೆದು ನೋಡಿ, "ನಿಮಗೆ ಬಡ್ಡಿ ಸಬ್ಸಿಡಿ ಇದೆಯಲ್ಲಪ್ಪ, ಕಾಲೇಜಿನ ಪತ್ರದಲ್ಲಿ ಕಾರಣ ಸರಿಯಾಗಿ ಬರೆಸಿಕೊಂಡು ಬಾ" ಅಂದರು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನನ್ನ ಜೊತೆ ಓದಿದವರಲ್ಲಿ ಬಹಳ ಜನಕ್ಕೆ ಇದು ಗೊತ್ತೇ ಇರಲಿಲ್ಲ. ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷ ರೂಪಾಯಿ ಮೀರದಿದ್ದರೆ, ಓದುವಷ್ಟು ವರ್ಷ ಮತ್ತು ಅದರ ಮುಂದಿನ ಒಂದು ವರ್ಷದ ಬಡ್ಡಿಯನ್ನು ಕೇಂದ್ರ ಸರ್ಕಾರ ಕಟ್ಟುವ ಯೋಜನೆಯಿದೆ. ನಾವು ಯಾವ ಬ್ಯಾಂಕಿನಲ್ಲಿ ಸಾಲ ತೆಗೆದಿದ್ದರೂ ಆ ಯೋಜನೆಯ ನೋಡಲ್ ಬ್ಯಾಂಕ್, ಅಂದರೆ ಸಬ್ಸಿಡಿ ಹಣ ಹಂಚುವ ಹೊಣೆ ಹೊತ್ತ ಬ್ಯಾಂಕ್, ಕೆನರಾ. ಕೋರ್ಸನ್ನು ನಡುವೆ ಬಿಟ್ಟವರಿಗೆ, ಕಾಲೇಜಿನಿಂದ ಹೊರಹಾಕಿಸಿಕೊಂಡವರಿಗೆ ಈ ಸಬ್ಸಿಡಿ ಇಲ್ಲ. ವಿನಾಯಿತಿ ಇರುವುದು ಒಂದೇ ಒಂದು: ಅನಾರೋಗ್ಯದಿಂದ ಬಿಟ್ಟಿದ್ದರೆ, ಅದರ ದಾಖಲೆಗಳು ಕಾಲೇಜಿನ ಮುಖ್ಯಸ್ಥರಿಗೆ ಒಪ್ಪಿಗೆಯಾಗಿದ್ದರೆ.

ಕಾಲೇಜಿನ ಆಫೀಸಿನಲ್ಲಿ ಅರ್ಜಿಯ ನಮೂನೆ ಮೊದಲೇ ಟೈಪಾಗಿತ್ತು. "ವೈಯಕ್ತಿಕ ಕಾರಣಗಳಿಂದ ವ್ಯಾಸಂಗ ಮುಂದುವರಿಸಲು ಸಾಧ್ಯವಾಗದೆ" ಅಂತ ಇತ್ತು, ಹೆಸರು, ಯುಎಸ್‌ಎನ್ (ವಿಶ್ವವಿದ್ಯಾಲಯದ ನೋಂದಣಿ ಸಂಖ್ಯೆ) ತುಂಬಿ ಸಹಿ ಹಾಕಿದರೆ ಆಯಿತು. "ಎಲ್ಲರೂ ಇದನ್ನೇ ಕೊಡೋದು ಕಣಪ್ಪ, ಬೇಗ ಆಗುತ್ತೆ" ಅಂದರು ಗುಮಾಸ್ತರು. ನಾನು ಒಪ್ಪಲಿಲ್ಲ. ಬಿಳಿ ಹಾಳೆಯಲ್ಲಿ ಬೇರೆ ಅರ್ಜಿ ಬರೆದೆ: ಯಾವ ಕಾಯಿಲೆ, ಯಾವ ತಾರೀಕಿನಿಂದ ಚಿಕಿತ್ಸೆ, ಯಾವ ತಾರೀಕಿನಿಂದ ತರಗತಿಗೆ ಬಂದಿಲ್ಲ. ಡಿಸ್ಚಾರ್ಜ್ ಸಮ್ಮರಿ, ಎಂಆರ್‌ಐ ವರದಿ, ವೈದ್ಯರ ಸರ್ಟಿಫಿಕೇಟು ಹಿಂದೆ ಪಿನ್ ಮಾಡಿದೆ. ಪ್ರಾಂಶುಪಾಲರ ಎದುರು ಕೂತು, "ದಾಖಲೆಗಳನ್ನು ಪರಿಶೀಲಿಸಲಾಗಿದೆ, ವೈದ್ಯಕೀಯ ಕಾರಣದಿಂದ ವ್ಯಾಸಂಗ ಸ್ಥಗಿತ" ಎಂದು ಕಾಲೇಜಿನ ಲೆಟರ್‌ಹೆಡ್ಡಿನಲ್ಲೇ ಬರೆಸಿಕೊಂಡೆ. ಆ ಪತ್ರವನ್ನು ಬ್ಯಾಂಕಿಗೆ ಕೊಟ್ಟ ಮೇಲೆ ನನ್ನ ಮೊದಲ ವರ್ಷದ ಬಡ್ಡಿ ಸಬ್ಸಿಡಿಗೆ ತೊಂದರೆಯಾಗಲಿಲ್ಲ.

ಮಾರ್ಕ್ಸ್ ಕಾರ್ಡ್ ವಾಪಸ್ ಪಡೆಯುವಾಗ ಮಾತ್ರ ಜಗ್ಗಾಟವಾಯಿತು. ಉಳಿದ ವರ್ಷಗಳ ಫೀಸು ಕಟ್ಟಿದರೆ ಎಸ್‌ಎಸ್‌ಎಲ್‌ಸಿ, ಪಿಯುಸಿ ಅಸಲು ಅಂಕಪಟ್ಟಿ ಕೊಡುತ್ತೇವೆ ಅಂದರು. ಅಪ್ಪನ ಮುಖ ಬಾಡಿಹೋಯಿತು. ಯಾರಿಗೂ ಹೀಗೆ ಕೇಳುವ ಹಕ್ಕಿಲ್ಲ. ಎಂಜಿನಿಯರಿಂಗ್‌ನಂಥ ತಾಂತ್ರಿಕ ಕಾಲೇಜುಗಳನ್ನು ನಿಯಂತ್ರಿಸುವ ಎಐಸಿಟಿಇಯ ನಿಯಮ ಸ್ಪಷ್ಟವಾಗಿದೆ: ಪ್ರವೇಶ ಯಾವಾಗ ರದ್ದು ಮಾಡಿಸಿಕೊಂಡರೂ ಮುಂದಿನ ವರ್ಷಗಳ ಫೀಸು ಕೇಳುವಂತಿಲ್ಲ, ಅಸಲು ದಾಖಲೆ ಹಿಡಿದಿಟ್ಟುಕೊಳ್ಳುವಂತಿಲ್ಲ, 7 ದಿನದೊಳಗೆ ಹಿಂದಿರುಗಿಸಬೇಕು. ಆ ಪುಟ ಪ್ರಿಂಟ್ ತೆಗೆದು ಅರ್ಜಿಗೆ ಲಗತ್ತಿಸಿ, ಇನ್‌ವರ್ಡ್ ನಂಬರ್ (ಅರ್ಜಿ ಸ್ವೀಕರಿಸಿದ ಕ್ರಮಸಂಖ್ಯೆ) ಹಾಕಿಸಿ ಕೊಟ್ಟೆ. ಬಾಯಿಮಾತಿನಲ್ಲಿ ಕೇಳಿದ್ದನ್ನು ಬರವಣಿಗೆಯಲ್ಲಿ ಕೊಡಿ ಅಂದೆ. ಬರವಣಿಗೆಯಲ್ಲಿ ಯಾರೂ ಕೊಡಲಿಲ್ಲ. ಲೈಬ್ರರಿ, ಲ್ಯಾಬಿನ ನೋ ಡ್ಯೂ (ಬಾಕಿ ಇಲ್ಲ ಎಂಬ ಸಹಿ) ಮುಗಿಸಿದ ಮೇಲೆ ಅಂಕಪಟ್ಟಿ ಕೈಗೆ ಬಂತು, ಕಾಷನ್ ಡಿಪಾಸಿಟ್ಟೂ ಬಂತು.

ಬಿಎ, ಬಿಎಸ್ಸಿ, ಬಿಕಾಂಗೆ ಸೇರಿ ಸ್ವಲ್ಪ ದಿನಕ್ಕೇ ಬಿಡುವವರು ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2018ರ ಅಧಿಸೂಚನೆ ನೋಡಿಕೊಳ್ಳಿ. ಪ್ರವೇಶದ ಕೊನೆಯ ದಿನಕ್ಕೆ 15 ದಿನ ಅಥವಾ ಅದಕ್ಕೂ ಮುಂಚೆ ಬಿಟ್ಟರೆ ಪೂರ್ತಿ ಫೀಸು ವಾಪಸ್, ಅದಕ್ಕಿಂತ ತಡವಾದರೆ ಶೇ. 90, ಕೊನೆಯ ದಿನ ಕಳೆದು 15 ದಿನದವರೆಗೆ ಶೇ. 80, 30 ದಿನದವರೆಗೆ ಶೇ. 50, ಆಮೇಲೆ ಏನೂ ಇಲ್ಲ. ಅಲ್ಲೂ ಲೆಕ್ಕಕ್ಕೆ ಬರುವುದು ಅರ್ಜಿ ಕೊಟ್ಟ ತಾರೀಕೇ.

ಇನ್ನು ಸ್ಕಾಲರ್‌ಶಿಪ್. ಪೋಸ್ಟ್ ಮೆಟ್ರಿಕ್ ಷರತ್ತುಗಳಲ್ಲಿ, ಹಣ ಪಡೆದ ವರ್ಷದ ನಡುವೆ ಓದು ನಿಲ್ಲಿಸಿದರೆ ಅದನ್ನು ವಾಪಸ್ ಕೇಳುವ ವಿವೇಚನೆ ರಾಜ್ಯ ಸರ್ಕಾರಕ್ಕೆ ಇದೆ ಅಂತ ಇದೆ. ಮೊದಲ ವರ್ಷ ನಾನು ಪೂರ್ತಿ ಓದಿ ಪರೀಕ್ಷೆ ಬರೆದಿದ್ದೆ, ಆ ಹಣದ ಬಗ್ಗೆ ಯಾರೂ ಕೇಳಲಿಲ್ಲ. ಎರಡನೇ ವರ್ಷಕ್ಕೆ ಎಸ್‌ಎಸ್‌ಪಿಯಲ್ಲಿ (ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ ಪೋರ್ಟಲ್) ಅರ್ಜಿ ಹಾಕಿಯಾಗಿತ್ತು. ಅದು ಮಂಜೂರಾಗಿ ಆಧಾರ್ ಜೋಡಣೆಯಾದ ಖಾತೆಗೆ ದುಡ್ಡು ಬಿದ್ದರೆ ನಾಳೆ ನಾನೇ ಉತ್ತರ ಹೇಳಬೇಕು. ಹಾಗಾಗಿ ವ್ಯಾಸಂಗ ನಿಲ್ಲಿಸಿದ್ದೇನೆ, ಅರ್ಜಿ ಮುಂದಕ್ಕೆ ಕಳಿಸಬೇಡಿ ಎಂದು ಕಾಲೇಜಿನ ಸ್ಕಾಲರ್‌ಶಿಪ್ ವಿಭಾಗಕ್ಕೂ ಹಾಸನದ ಇಲಾಖೆ ಕಚೇರಿಗೂ ಬರೆದುಕೊಟ್ಟೆ. "ಬರೋ ದುಡ್ಡು ಯಾಕಪ್ಪ ಬೇಡ ಅಂತೀಯ" ಅಂತ ನೆಂಟರು ಕೇಳಿದರು. ನನಗೆ ಸಲ್ಲದ ದುಡ್ಡು ಅದು, ಇಟ್ಟುಕೊಂಡು ನಿದ್ದೆ ಮಾಡುವುದು ಹೇಗೆ? ಮುಂದೆ ಬಿಕಾಂಗೆ ಸೇರಿ ಹೊಸ ಅರ್ಜಿ ಹಾಕುವಾಗ, ಕೋರ್ಸು ಯಾಕೆ ಬದಲಾಯಿತು ಅನ್ನುವುದಕ್ಕೆ ಅದೇ ಪತ್ರಗಳನ್ನು ತೋರಿಸಿದೆ.

ಸಾಲ ಮಾತ್ರ ತೀರಲೇಬೇಕಲ್ಲ. ಬಿಕಾಂ ಮುಗಿಯುವವರೆಗೆ ಸಾಲ ತೀರಿಸುವ ಕಂತು ತಡೆಯಿರಿ ಅಂತ ಬ್ಯಾಂಕಿನಲ್ಲಿ ಕೇಳಿಕೊಂಡೆ, ಸಾಲ ಮಂಜೂರಾಗಿದ್ದು ಬಿಇಗೆ, ಹಾಗೆ ಮಾಡಲು ಬರುವುದಿಲ್ಲ ಅಂದರು. ಬಿಟ್ಟ ದಿನದಿಂದ ಒಂದು ವರ್ಷದ ಬಿಡುವು ಕೊಟ್ಟು, ಆಮೇಲೆ ತಿಂಗಳ ಕಂತು ಹಾಕಿಕೊಟ್ಟರು. ಶಿಕ್ಷಣ ಸಾಲವನ್ನು ಅವಧಿಗೆ ಮುಂಚೆ ತೀರಿಸಿದರೆ ದಂಡವಿಲ್ಲ ಅಂತ ಅವರೇ ತಿಳಿಸಿದರು. ಅದಕ್ಕೇ ತಿಂಗಳ ಕಂತನ್ನು ಚಿಕ್ಕದಾಗಿಯೇ ಇರಿಸಿಕೊಂಡಿದ್ದೇವೆ. ಹೊಗೆಸೊಪ್ಪಿನ ಬಿಲ್ಲು ಆದಾಗ ಅಪ್ಪ ಒಂದು ಇಡುಗಂಟು ಕಟ್ಟುತ್ತಾರೆ, ಅದನ್ನು ಅಸಲಿಗೇ ಜಮಾ ಮಾಡಿ ಅಂತ ಚಲನ್ನಿನ ಜೊತೆ ನಾನು ಒಂದು ಚೀಟಿ ಬರೆದು ಕೊಡುತ್ತೇನೆ.