ಕೇಳಿದವರೇ ಬರೆಯಬೇಕು: ದಾವಣಗೆರೆಯ ಡೆವಲಪರ್‌ಗಳು ಕೋಡ್ ಹಂಚಿಕೊಂಡ ಬಗೆ

ದಾವಣಗೆರೆಯ ದಲಾಲಿ ಅಂಗಡಿಗಳಿಗೆ ಲೆಕ್ಕದ ತಂತ್ರಾಂಶ ಬರೆದುಕೊಡುವ ನಾವು ಹತ್ತು-ಹನ್ನೆರಡು ಮಂದಿ ಒಂದೇ ಗಿರಾಕಿಗಾಗಿ ಪೈಪೋಟಿ ನಡೆಸುವವರಾದ್ದರಿಂದ, ಎಲ್ಲರಿಗೂ ಬೇಕಾದ ಕೋಡನ್ನು ಒಂದೇ ರೆಪೊಸಿಟರಿಯಲ್ಲಿ (ಎಲ್ಲರೂ ಬಳಸುವ ಕೋಡಿನ ಉಗ್ರಾಣದಲ್ಲಿ) ಇಡೋಣ ಎಂದು ನಾನು ಹೇಳಿದಾಗ, ಇದು ಆರು ತಿಂಗಳೂ ಬಾಳದು ಎಂದವರೇ ಹೆಚ್ಚು. ಈಗ ಮೂರನೆಯ ವರ್ಷ ನಡೆಯುತ್ತಿದೆ. ಅಂದು ಒಪ್ಪದವರಲ್ಲಿ ಇಬ್ಬರು ಇಂದು ಇತರರ ಕೋಡ್ ಪರಿಶೀಲಿಸುವ ನಮ್ಮ ಅತ್ಯುತ್ತಮ ರಿವ್ಯೂವರ್‌ಗಳು.

ಮೊದಲು ವಾಟ್ಸಾಪ್ ಗುಂಪು ಮಾಡಿದೆವು. ಉತ್ತರ ಬೇಗ ಸಿಗುತ್ತಿತ್ತು, ಆದರೆ ವಾರದೊಳಗೆ ಅದು ಹಬ್ಬದ ಶುಭಾಶಯಗಳ ಅಡಿಯಲ್ಲಿ ಹೂತುಹೋಗಿ ಅದೇ ಪ್ರಶ್ನೆ ಮತ್ತೆ ಬರುತ್ತಿತ್ತು. ಬಳಿಕ ವಿಕಿ ತೆರೆದೆವು. ಬರೆಯುತ್ತಿದ್ದವರು ಬೆಂಗಳೂರಿನ ಕೆಲಸಕ್ಕೆ ಹೋದ ಮೇಲೆ ಅದು ಹಳತಾಯಿತು. ಅನಂತರ ವಿದ್ಯಾನಗರದಲ್ಲಿ ಕೋಣೆ ಹಿಡಿದು ಶನಿವಾರದ ಉಪನ್ಯಾಸ ನಡೆಸಿದೆವು. ಬಾಡಿಗೆ, ಪ್ರೊಜೆಕ್ಟರ್, ಚಹಾ ಸೇರಿ ಸುಮಾರು 40,000 ರೂಪಾಯಿ ಹೋಯಿತು. ಕೇಳಿಸಿಕೊಂಡವರು ಬಹಳ, ಮನೆಗೆ ಹೋಗಿ ಎಡಿಟರ್ ತೆರೆದವರು ವಿರಳ.

ಕೊನೆಗೆ ಫಲಿಸಿದ್ದು ಒಂದೇ ನಿಯಮ: ಉತ್ತರ ಬಲ್ಲವರು ಫೋನಿನಲ್ಲಿ ವಿವರಿಸಬೇಕು, ಪುಲ್ ರಿಕ್ವೆಸ್ಟನ್ನು (ಕೋಡಿನ ಬದಲಾವಣೆಯನ್ನು ಸೇರಿಸಿಕೊಳ್ಳಿ ಎಂಬ ಕೋರಿಕೆಯನ್ನು) ಮಾತ್ರ ಕೇಳಿದವರೇ ಕಳುಹಿಸಬೇಕು. ಮೊದಲು ತಪ್ಪನ್ನು ತೋರಿಸಿ ವಿಫಲವಾಗುವ ಟೆಸ್ಟ್ (ಕೋಡನ್ನು ಪರೀಕ್ಷಿಸುವ ಪುಟ್ಟ ಕೋಡ್), ಆಮೇಲೆ ಪರಿಹಾರ, ಜೊತೆಗೆ ಕಾರಣ ತಿಳಿಸುವ ನಾಲ್ಕು ಸಾಲು ಕನ್ನಡ. ಬಲ್ಲವರು ತಮಗೆ ಸಹಜವೆನಿಸಿದ ಹೆಜ್ಜೆಗಳನ್ನು ಬರವಣಿಗೆಯಲ್ಲಿ ಬಿಟ್ಟುಬಿಡುತ್ತಾರೆ. ಎಡವಿದವರಿಗೆ ಎಡವಿದ ಜಾಗ ನೆನಪಿರುತ್ತದೆ.

ಉದಾಹರಣೆಗೆ, ವರ್ತಕರ ಹಳೆಯ ಖಾತೆಗಳು 'ನುಡಿ' ತಂತ್ರಾಂಶದ ಹಳೆಯ ಆಸ್ಕಿ ಸಂಕೇತದ ಅಕ್ಷರಗಳಲ್ಲಿವೆ. ಅವನ್ನು ಇಂದು ಎಲ್ಲೆಡೆ ಬಳಸುವ ಯೂನಿಕೋಡ್ ಸಂಕೇತಕ್ಕೆ ತರಲು ಪರಿವರ್ತಕ ಬೇಕು. ಅಲ್ಲಿ ಅರ್ಕಾವತ್ತಿನ ಸಂಕೇತ ತನ್ನ ವ್ಯಂಜನದ ನಂತರ ಬರುತ್ತದೆ, ಯೂನಿಕೋಡಿನಲ್ಲಾದರೋ ರಕಾರ ಮತ್ತು ಹಲಂತ ಮೊದಲೇ ಕೂರಬೇಕು. ಆದ್ದರಿಂದ ನೇರವಾಗಿ ಬದಲಿಸಿದರೆ 'ಧರ್ಮಪ್ಪ' ಕೆಟ್ಟುಹೋಗುತ್ತಾರೆ. ಇದನ್ನು ಕೇಳಿದ್ದು ಆಗತಾನೇ ಇಂಜಿನಿಯರಿಂಗ್ ಮುಗಿಸಿದ್ದ ಹುಡುಗ, ಬರೆದವನೂ ಅವನೇ. ಈಗ ಆ ಭಾಗಕ್ಕೆ ಸುಮಾರು 600 ಹೆಸರುಗಳ ಟೆಸ್ಟ್ ಇದೆ. ನೂರಕ್ಕೆ ಎರಡು-ಮೂರು ತಪ್ಪುತ್ತಿದ್ದದ್ದು ಈಗ ಸಾವಿರಕ್ಕೊಂದೂ ಕಾಣುವುದಿಲ್ಲ. ಒತ್ತಕ್ಷರದ ನಿಯಮಗಳನ್ನು ಯಾವ ಕ್ರಮದಲ್ಲಿ ಹಚ್ಚುತ್ತೇವೆಂಬುದನ್ನು ಇಲ್ಲಿ ಹೇಳಲಾರೆ, ಅದು ಕೂಟದ ಸೊತ್ತು.

ನಡುವೆ ಕಮಿಟ್ ಸಂದೇಶಗಳನ್ನೂ (ಪ್ರತಿ ಬದಲಾವಣೆಯ ಜೊತೆ ಬರೆಯುವ ಟಿಪ್ಪಣಿಗಳನ್ನೂ) ಕನ್ನಡದಲ್ಲೇ ಬರೆದು ನೋಡಿದೆವು. ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್ ತಂತ್ರಾಂಶ ಅವನ್ನು ಯೂನಿಕೋಡಿನದೇ ರೂಪವಾದ ಯುಟಿಎಫ್-8 ಆಗಿ ಇಟ್ಟುಕೊಳ್ಳುವುದರಿಂದ ತೊಡಕಾಗಲಿಲ್ಲ. ಕಡತದ ಕನ್ನಡ ಹೆಸರುಗಳು ಮಾತ್ರ ಅಂಕಿಗಳ ಸಾಲಾಗಿ ಕಂಡವು. ಕೋರ್ ಡಾಟ್ ಕೋಟ್‌ಪಾತ್ (core.quotepath) ಎಂಬ ಗಿಟ್ ಸೆಟ್ಟಿಂಗನ್ನು ಫಾಲ್ಸ್ ಮಾಡಿದ ಮೇಲೆ ಸರಿಹೋಯಿತು. ಪರದೆಯ ವಿಡಿಯೋಗಳನ್ನೂ ಮಾಡಿದೆವು, ಅವುಗಳಲ್ಲಿ ಬೇಕಾದ ಮಾತನ್ನು ಹುಡುಕಲಾಗದೆ ಕೈಬಿಟ್ಟೆವು.

ಕಮಿಷನ್ ಲೆಕ್ಕ, ವರದಿಗಳು, ಗಿರಾಕಿಗಳ ಪಟ್ಟಿ ಅವರವರದೇ. ಪರಿವರ್ತಕ ಮತ್ತು ಮುದ್ರಣದ ಕೋಡ್ ಮಾತ್ರ ಎಲ್ಲರದು. 2020ರಿಂದ, ರೆಪೊಸಿಟರಿ ಇಡುವ ಜಾಲತಾಣವಾದ ಗಿಟ್‌ಹಬ್ಬಿನ ಖಾಸಗಿ ರೆಪೊಸಿಟರಿಗೂ ಎಷ್ಟು ಮಂದಿಯನ್ನಾದರೂ ಉಚಿತವಾಗಿ ಸೇರಿಸಿಕೊಳ್ಳಬಹುದಾದ್ದರಿಂದ ಖರ್ಚೂ ಇಲ್ಲ. ಒಂದು ಅಂಗಡಿಯ ಹಳೆಯ ಖಾತೆಯನ್ನು ಹೊಸ ತಂತ್ರಾಂಶಕ್ಕೆ ತರಲು ಎರಡು ದಿನ ಹಿಡಿಯುತ್ತಿದ್ದದ್ದು ಈಗ ಮಧ್ಯಾಹ್ನದೊಳಗೆ ಮುಗಿಯುತ್ತದೆ, ಅದಕ್ಕೆ ನಾನು ಪಡೆಯುವ ಸುಮಾರು 6,000 ರೂಪಾಯಿ ಹಾಗೆಯೇ ಇದೆ. ಶ್ರೀಲಿಪಿ ಎಂಬ ಇನ್ನೊಂದು ಅಕ್ಷರ ತಂತ್ರಾಂಶದ ಸಂಕೇತಗಳು ಬೇರೆಯಾದ್ದರಿಂದ ಚನ್ನಗಿರಿಯ ಅಡಿಕೆ ಮಂಡಿಯೊಂದರ ಖಾತೆ ಇನ್ನೂ ಬಾಕಿಯಿದೆ. ಅಂಥ ಹಳೆಯ ಕಡತವಿರುವವರು ಹೆಸರು ಬದಲಿಸಿ ಹತ್ತಿಪ್ಪತ್ತು ಸಾಲು ಕೊಟ್ಟರೆ ಟೆಸ್ಟ್‌ಗೆ ಸೇರಿಸಿಕೊಳ್ಳುತ್ತೇವೆ.