ಕಿತ್ತು ಹಾಕಿದ್ದ ಕನ್ವರ್ಟರ್ ವಾಪಸ್ ಹಾಕಿಸಿದೆ

ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡ 2021ರ ಬಿಎಸ್6 (ಹೊಗೆ ಮಾಲಿನ್ಯದ ಮಾನದಂಡ) ಬೈಕ್. ಥ್ರಾಟಲ್ ಬಿಟ್ಟರೆ ಸೈಲೆನ್ಸರ್ ಪಟಪಟ ಅನ್ನುತ್ತಿತ್ತು, ಎಂಜಿನ್ ಲೈಟ್ ಆರುತ್ತಲೇ ಇರಲಿಲ್ಲ. ಸುಮ್ನೆ ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ಬದಲಾಯಿಸಿ ದುಡ್ಡು ಕಳೆದೆ.

ಆಮೇಲೆ ಪೈಪ್ ಬಿಚ್ಚಿ ಟಾರ್ಚ್ ಬಿಟ್ಟು ನೋಡಿದೆ. ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡ್‌ನಂಥ ವಿಷಾನಿಲ ಕಡಿಮೆ ಮಾಡುವ, ಜೇನುಗೂಡಿನಂಥ ಕ್ಯಾಟಲಿಟಿಕ್ ಕನ್ವರ್ಟರ್ ಇರಬೇಕಾದ ಜಾಗ ಖಾಲಿ! ಹಳೇ ಮಾಲೀಕರು ಕತ್ತರಿಸಿ ತೆಗೆಸಿದ್ದರು. ಸೆನ್ಸರ್‌ಗಿಂತ ಮುಂಚಿನ ವೆಲ್ಡಿಂಗ್‌ನಲ್ಲಿ ಕೂದಲೆಳೆಯಷ್ಟು ಬಿರುಕು, ಸುತ್ತ ಕಪ್ಪು ಮಸಿ. ಅಲ್ಲಿಂದ ಗಾಳಿ ಒಳಗೆ ಹೋದರೆ ಸೆನ್ಸರ್‌ಗೆ ಆಮ್ಲಜನಕ ಜಾಸ್ತಿ ಕಾಣುತ್ತದೆ, ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಸುಮ್ಮಸುಮ್ಮನೆ ಪೆಟ್ರೋಲ್ ಹೆಚ್ಚಿಸುತ್ತದೆ.

ಕನ್ವರ್ಟರ್ ಇರುವ ಕಂಪನಿ ಪೈಪ್, ಹೊಸ ಗ್ಯಾಸ್ಕೆಟ್ ಹಾಕಿಸಿ ಇಸಿಯುನಲ್ಲಿ ಉಳಿದಿದ್ದ ಫಾಲ್ಟ್ ಕೋಡ್ (ದೋಷದ ದಾಖಲೆ) ಅಳಿಸಿದೆ. ಸದ್ದು ನಿಂತಿತು, ಲೈಟೂ ಆರಿತು. ಕನ್ವರ್ಟರ್ ತೆಗೆದರೆ ಪಿಕಪ್ ಬರುತ್ತೆ ಅಂತಾರೆ. ಇರಬಹುದು. ಆದರೆ ಸಿಗ್ನಲ್‌ನಲ್ಲಿ ನನ್ನ ಹಿಂದೆ ನಿಂತವರು ಆ ಕಾರ್ಬನ್ ಮಾನಾಕ್ಸೈಡ್ ಯಾಕೆ ಕುಡಿಯಬೇಕು, ಅಲ್ವಾ?